ನೀರು ಹಾಕುವ ಕೈ

ನಮ್ಮೂರಿನಲ್ಲಿ ಹಸುಗೂಸಿಗೆ ನೀರು ಹಾಕಬೇಕೆಂದರೆ ಮೊದಲು ನನ್ನನ್ನು ಕರೆಯುತ್ತಿದ್ದರು. ಶಿಡ್ಲಘಟ್ಟದಿಂದ ಏಳು ಕಿಲೋಮೀಟರ್ ದೂರದ ಊರು. ಅಲ್ಲಿ ಇಪ್ಪತ್ತೊಂಬತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದೆ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಹಂಡೆಯಿಂದ ಮೊಗೆದ ಬಿಸಿನೀರನ್ನು ಚೊಂಬು ಚೊಂಬಾಗಿ ಬೆನ್ನಿಗೆ ಹೊಯ್ಯುತ್ತಿದ್ದರೆ, ಕಿರುಚುತ್ತಿದ್ದ ಕೂಸು ಹತ್ತನೇ ಚೊಂಬಿಗೆ ಸುಮ್ಮನಾಗುತ್ತಿತ್ತು. "ಪದ್ಮಕ್ಕನ ಕೈ ನೀರು ಬಿದ್ರೆ ಮಗು ಮೂರು ಗಂಟೆ ಏಳಲ್ಲ" ಎಂದು ಬಾಣಂತಿಯರು ಹೇಳುತ್ತಿದ್ದರು. ನನಗೂ ಜಂಬವಿತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ನಾನು ಹೇಳಿರುವ ಸುಳ್ಳೇ ಸಾಕಷ್ಟಿದೆ.

ಇದು ನನ್ನ ಮೊಮ್ಮಗಳು ಧನ್ಯಳ ಕಾಯಿಲೆಯ ಕತೆ. ಅವಳಿಗೀಗ ಆರು ವರ್ಷ ದಾಟಿದೆ. ಕಾಯಿಲೆ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಕಾಯಿಲೆ ಅವಳದು, ಒದ್ದಾಟ ಅವಳ ಅಪ್ಪ ಅಮ್ಮನದು, ನಾನು ಪಕ್ಕದಲ್ಲಿ ನಿಂತವಳು. ಪಕ್ಕದಲ್ಲಿ ನಿಂತವರು ಹೇಗೆ ಆಸರೆಯಾದರು ಎಂದು ಬರೆಯುವವರಿದ್ದಾರೆ. ಅವರೇ ಎಷ್ಟು ಕೆಡಿಸಬಹುದು ಎಂಬುದನ್ನು ಯಾರೂ ಬರೆದದ್ದು ನಾನು ಕಂಡಿಲ್ಲ. ಇಂಥ ಮಗುವಿರುವ ಇನ್ನೊಂದು ಮನೆಯಲ್ಲಿ ನನ್ನಂಥ ಅಜ್ಜಿಯೊಬ್ಬಳು ಇದ್ದರೆ ಅವಳು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಮಗಳು ರೂಪಳನ್ನು ಚಿಂತಾಮಣಿಗೆ ಕೊಟ್ಟಿದ್ದೇವೆ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಅವಳು ಗಣಿತದ ಟೀಚರ್ ಆಗಿದ್ದಳು. ಅಳಿಯ ಮಂಜುನಾಥನಿಗೆ ಹಾಲಿನ ಡೇರಿಯಲ್ಲಿ ಕೆಲಸ. ಧನ್ಯ ಹುಟ್ಟಿದಾಗ ರೂಪ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಊರ ಕೂಸುಗಳಿಗೆಲ್ಲ ನೀರು ಹಾಕಿದ ಕೈಗೆ ಸ್ವಂತ ಮೊಮ್ಮಗಳು ಸಿಕ್ಕಿದಳು. ಕೇಳಬೇಕೇ! ದಿನಾ ಬೆಳಿಗ್ಗೆ ಒಲೆಗೆ ಹಿಪ್ಪುನೇರಳೆ ಕಡ್ಡಿ ತುರುಕಿ ಹಂಡೆ ಕಾಯಿಸುತ್ತಿದ್ದೆ. ಮಗು ಗುಂಡುಗುಂಡಾಗಿ ಬೆಳೆಯಿತು.

ಐದೂವರೆ ತಿಂಗಳಾಗಿತ್ತು. ಅಂದು ಬೆಳಿಗ್ಗೆ ಕಾಲ ಮೇಲೆ ಮಲಗಿದ್ದ ಮಗುವಿನ ಎಡಗೈ ಎಳೆದಂತಾಯಿತು. ಆಟವಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಎಡಗಾಲೂ ಅದೇ ತಾಳದಲ್ಲಿ ಕುಲುಕತೊಡಗಿತು. ತಿರುಗಿಸಿ ನೋಡಿದರೆ ಕಣ್ಣುಗಳೆರಡೂ ಒಂದು ಮೂಲೆಗೆ ಸೇರಿದ್ದವು, ಬಾಯಿಯ ಬದಿಯಲ್ಲಿ ನೊರೆ. "ರೂಪಾ!" ಎಂದು ಕೂಗಿದ್ದು ನನ್ನದೇ ದನಿ ಎಂದು ನನಗೆ ಗೊತ್ತಾಗಲಿಲ್ಲ. ಪಕ್ಕದ ಮನೆಯ ಅಜ್ಜಿ ಓಡಿ ಬಂದು ಮಗುವಿನ ಮುಷ್ಟಿಗೆ ಬೀಗದ ಕೈ ತುರುಕಿದರು. "ಬಾಲಗ್ರಹ ಕಣಮ್ಮ, ಅರಿಶಿನದ ಕೊಂಬು ಕಾಯ್ಸಿ ಒಂದು ಬರೆ ಎಳ್ದುಬಿಡಿ, ನಿಂತೋಯ್ತದೆ" ಎಂದರು. ಬರೆ ಹಾಕಬೇಡಿ ಎಂದು ಊರಿನ ತಾಯಂದಿರಿಗೆಲ್ಲ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಅವರನ್ನು ಗದರಿಸಿ ಆಟೋ ಹತ್ತಿದೆ. ಆಗ ನನಗೆ ನನ್ನ ವಿದ್ಯೆಯ ಮೇಲೆ ಎಷ್ಟು ಹೆಮ್ಮೆಯಿತ್ತೆಂದರೆ, ಆ ಗಾಬರಿಯಲ್ಲೂ ಅದು ಸ್ವಲ್ಪ ತಲೆಯೆತ್ತಿತ್ತು.

ಶಿಡ್ಲಘಟ್ಟ ತಲುಪುವ ಹೊತ್ತಿಗೂ ಕುಲುಕಾಟ ನಿಂತಿರಲಿಲ್ಲ. ಸೂಜಿ ಹಾಕಿದ ಮೇಲೆ ನಿಂತಿತು. "ಜ್ವರಕ್ಕೆ ಬಂದಿರೋ ಫಿಟ್ಸು, ಐದು ವರ್ಷಕ್ಕೆ ಸರಿಹೋಗುತ್ತೆ" ಎಂದರು ಡಾಕ್ಟರು. ಜ್ವರ ಇರಲಿಲ್ಲ ಎಂದು ರೂಪ ಎರಡು ಸಲ ಹೇಳಿದಳು. "ಇದ್ದಿರುತ್ತೆ, ನಿಮಗೆ ಗೊತ್ತಾಗಿರಲ್ಲ" ಎಂದರು.

ಐದು ವರ್ಷ ಕಾಯುವ ಪ್ರಶ್ನೆಯೇ ಬರಲಿಲ್ಲ. ಹದಿನೈದು ದಿನಕ್ಕೆ ಮತ್ತೊಂದು ಬಂತು, ಈ ಸಲ ಬಲಗಡೆ. ಆಮೇಲೆ ಚಿಂತಾಮಣಿಯಲ್ಲಿ, ಬಸ್ಸಿನಲ್ಲಿ, ಯಾರದೋ ಗೃಹಪ್ರವೇಶದ ಚಪ್ಪರದಡಿ ಬಿಸಿಲಿನಲ್ಲಿ. ಒಂದು ಔಷಧಿ ಕೊಟ್ಟರೆ ಹೆಚ್ಚಾಯಿತು, ಇನ್ನೊಂದು ಕೊಟ್ಟರೆ ಮಗು ಇಡೀ ದಿನ ತೂಕಡಿಸಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಕೊನೆಗೆ ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಬರೆದುಕೊಟ್ಟರು.

ಆ ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರನ್ನು ನಾನು ಕಣ್ಣುಮುಚ್ಚಿಕೊಂಡೂ ನಡೆಯಬಲ್ಲೆ. ತಲೆಗೆ ವೈರುಗಳನ್ನು ಅಂಟಿಸಿ ಮಾಡುವ ಪರೀಕ್ಷೆಗೆ ಮಗುವನ್ನು ನಿದ್ದೆಗೆಡಿಸಿ ಕರೆತನ್ನಿ ಎಂದಿದ್ದರು. ಬಸ್ಸಿನಲ್ಲಿ ಅವಳು ತೂಕಡಿಸಿದಾಗಲೆಲ್ಲ ರೂಪ ಅಂಗಾಲಿಗೆ ಕಚಗುಳಿಯಿಟ್ಟು ಎಬ್ಬಿಸುತ್ತಿದ್ದಳು. ಮಗು ನಗುತ್ತಿತ್ತು, ರೂಪ ಅಳುತ್ತಿದ್ದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಅಲ್ಲಿ ಕಾಯುತ್ತಿದ್ದಾಗಲೇ ಭಾಗ್ಯಮ್ಮ ಸಿಕ್ಕಿದ್ದು. ಗೌರಿಬಿದನೂರಿನ ಕಡೆ ಮಂಚೇನಹಳ್ಳಿಯವಳು. ಅವಳ ಮಗಳಿಗೆ ಒಂಬತ್ತು ವರ್ಷ. ಬಿದ್ದಾಗ ಪೆಟ್ಟಾಗದಿರಲಿ ಎಂದು ಆ ಹುಡುಗಿಯ ತಲೆಗೆ ಸೈಕಲ್ಲಿನವರು ಹಾಕುವಂಥ ಹೆಲ್ಮೆಟ್ ಹಾಕಿದ್ದರು. ರೂಪ ಆ ಹೆಲ್ಮೆಟ್ಟನ್ನು ನೋಡಿ ಮುಖ ತಿರುಗಿಸಿಕೊಂಡಳು. ಭಾಗ್ಯಮ್ಮ ಅದನ್ನು ಗಮನಿಸಿಯೂ ಬೇಜಾರು ಮಾಡಿಕೊಳ್ಳದೆ ಹತ್ತಿರ ಬಂದು ಕೂತಳು.

"ಹೊಸಬರಾ? ನಾನೂ ಹಿಂಗೇ ತಿರುಗಿಸ್ಕೊಂಡಿದ್ದೆ ತಗೋ" ಎಂದಳು. "ಒಂದು ಮಾತು ಹೇಳ್ತೀನಿ ಕೇಳಮ್ಮ. ಬಂದ ತಕ್ಷಣ ಗಡಿಯಾರ ನೋಡ್ಕೋ. ಒಂದು ಮಗ್ಗುಲಿಗೆ ಮಲಗಿಸು. ಮೊಬೈಲಲ್ಲಿ ವಿಡಿಯೋ ಮಾಡ್ಕೋ. ಅಳೋದು ಆಮೇಲೆ. ಅಳಕ್ಕೆ ಬೇಕಾದಷ್ಟು ಟೈಮ್ ಇರ್ತದೆ."

ಆ ವರ್ಷವಿಡೀ ಯಾವ ಡಾಕ್ಟರ ಮಾತಿಗಿಂತಲೂ ನಮಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ. ತನ್ನ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಮುಚ್ಚಳಕ್ಕೆ ಹಾಕಿ ರೂಪಳಿಗೆ ಕೊಟ್ಟಳು. ಬೆಳಿಗ್ಗೆಯಿಂದ ಏನೂ ತಿನ್ನದವಳು ತಿಂದಳು.

ರಕ್ತದ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಮಗುವಿಗೆ ಒಂದೂವರೆ ವರ್ಷ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಮ್ಮನ್ನು ಕೂರಿಸಿ, ಬಾಗಿಲು ಹಾಕಿಸಿದರು. ಬಾಗಿಲು ಹಾಕಿಸಿದಾಗಲೇ ನನಗೆ ಅರ್ಥವಾಯಿತು. ಡ್ರಾವೆ ಎಂದು ಕಾಯಿಲೆಯ ಹೆಸರು, ತುಂಬ ಅಪರೂಪದ್ದು, ಹುಟ್ಟುತ್ತಲೇ ಬಂದದ್ದು ಎಂದರು. ಔಷಧಿಯಿಂದ ಕಡಿಮೆ ಮಾಡಬಹುದು, ನಿಲ್ಲಿಸುವುದು ಕಷ್ಟ. ಮಾತು, ನಡಿಗೆ, ಕಲಿಕೆ ಎಲ್ಲ ಹಿಂದೆ ಬೀಳಬಹುದು. ಐದು ನಿಮಿಷಕ್ಕಿಂತ ಹೆಚ್ಚು ಹೋಗಲು ಬಿಡಬೇಡಿ ಎಂದು ಮೂಗಿಗೆ ಹೊಡೆಯುವ ಒಂದು ಸ್ಪ್ರೇ ಬರೆದುಕೊಟ್ಟರು. ಆಮೇಲೆ ಹೇಳಿದರು: "ಜ್ವರ ಬರದ ಹಾಗೆ ನೋಡ್ಕೊಳ್ಳಿ. ಬಿಸಿಲು ಬೇಡ. ಬಿಸಿನೀರು ಬೇಡವೇ ಬೇಡ."

ಯಾರೂ ನನ್ನ ಕಡೆ ನೋಡಲಿಲ್ಲ. ನಾನೇ ಕೇಳಿದೆ. "ಡಾಕ್ಟ್ರೇ, ಮೊದಲ ಸಲ ಬಂದಿದ್ದು ನಾನು ನೀರು ಹಾಕ್ವಾಗ."

"ನಿಮ್ಮಿಂದ ಬಂದಿದ್ದಲ್ಲ ಅಮ್ಮ. ಅವತ್ತು ಸ್ನಾನಕ್ಕೆ ಬರದೇ ಇದ್ದಿದ್ರೆ ಮುಂದಿನ ವಾರ ಜ್ವರಕ್ಕೆ ಬಂದಿರೋದು."

ಆ ಮಾತನ್ನು ಊರಿನ ತನಕ ಗಟ್ಟಿಯಾಗಿ ಹಿಡಿದುಕೊಂಡು ಬಂದೆ. ನನ್ನ ತಪ್ಪಲ್ಲ ಎಂಬಷ್ಟನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಂಡಿದ್ದೆ.

ನಮ್ಮ ಯಜಮಾನರು ಮಾತಿನವರಲ್ಲ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಇಷ್ಟೇ ಅವರ ಪ್ರಪಂಚ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಅಂದ್ರೆ ಶೆಖೆ ತಡೆಯಲ್ಲ" ಎಂದರು ಅಷ್ಟೇ. ಮಾರನೇ ದಿನ ಹುಳುಮನೆಯ ಗೋಡೆಯಲ್ಲಿದ್ದ ಉಷ್ಣಮಾಪಕವನ್ನು ಕಳಚಿಕೊಂಡು, ನಾಲ್ಕು ಗೋಣಿತಾಟು ಸುತ್ತಿಕೊಂಡು, ಬಸ್ಸು ಹತ್ತಿ ಚಿಂತಾಮಣಿಗೆ ಹೋದರು. ಬೇಸಿಗೆಯಲ್ಲಿ ಹುಳುಗಳಿಗೆ ಮಾಡುವ ಹಾಗೆಯೇ ಮಗುವಿನ ಕೋಣೆಯ ಕಿಟಕಿಗಳಿಗೆ ಗೋಣಿ ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸುವುದನ್ನು ಅಳಿಯನಿಗೆ ತೋರಿಸಿಕೊಟ್ಟರು. "ಇಪ್ಪತ್ತಾರು ದಾಟಕ್ಕೆ ಬಿಡ್ಬೇಡಪ್ಪ" ಎಂದು ಹೇಳಿ ಅದೇ ಸಾಯಂಕಾಲ ವಾಪಸ್ಸು ಬಂದರು. ಅಳಿಯ ಆಮೇಲೆ ಕೂಲರ್ ತಂದ. ಆದರೂ ಮೊದಲ ಬೇಸಿಗೆಯನ್ನು ದಾಟಿಸಿದ್ದು ಆ ಗೋಣಿಗಳೇ.

ಬೀಗಿತ್ತಿ ನಾರಾಯಣಮ್ಮನವರದು ಇನ್ನೊಂದು ದಾರಿ. ಅವರ ಮನೆಮಾತು ತೆಲುಗು, ದುಃಖ ಬಂದರೆ ಕನ್ನಡ ಮರೆತುಹೋಗುತ್ತದೆ. "ಏಮಿ ಚೇಸ್ತಾಮಕ್ಕಾ, ಏನ್ ಮಾಡೋದು, ಡಾಕ್ಟ್ರು ಆಗಲ್ಲ ಅಂದ್ಮೇಲೆ ದೇವ್ರನ್ನೇ ಕೇಳ್ಬೇಕು" ಎಂದು ಮಗುವನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋದರು. ಹೋಗಿಬಂದ ವಾರ ಒಂದೂ ಫಿಟ್ಸು ಬರಲಿಲ್ಲ. ಅವರು ಅತ್ತುಕೊಂಡು ಎಲ್ಲರಿಗೂ ಸಕ್ಕರೆ ಹಂಚಿದರು. ಮುಂದಿನ ವಾರ ಒಂದೇ ದಿನ ನಾಲ್ಕು ಬಂತು. ನಾನು ಒಳಗೊಳಗೇ ನಕ್ಕೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ನಾನು ಓದಿದವಳು, ಅವರು ಮೂಢನಂಬಿಕೆಯವರು ಎಂದು ಲೆಕ್ಕ. ಅವರ ದರ್ಗಾದಿಂದ ಮಗುವಿಗೆ ಒಂದು ಕೂದಲೂ ಕೊಂಕಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎಂಬ ಗಾದೆ ಇರುವುದು ನನ್ನಂಥವರಿಗೇ.

ಧನ್ಯಳಿಗೆ ಎರಡೂವರೆ ವರ್ಷವಾದಾಗ ಕಾಯಿಲೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹೊಸ ಔಷಧಿ ಹಿಡಿದಿತ್ತು. ತಡವಾಗಿಯಾದರೂ ನಡೆಯುತ್ತಿದ್ದಳು. ಮಾತುಗಳೂ ಬಂದಿದ್ದವು. ರೂಪ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದಳು, ಇಪ್ಪತ್ತಮೂರು ಮಾತು. ಅಮ್ಮ, ಹಾಲು, ಬಾ, ಬೇಡ, ಕೋಳಿ. ಹದಿನೇಳನೆಯದು 'ಅಜ್ಜಿ'. ಅವಳ ಬಾಯಲ್ಲಿ ಅದು 'ಅಚ್ಚಿ' ಆಗುತ್ತಿತ್ತು.

ಆ ಯುಗಾದಿಗೆ ಮೂವರೂ ನಮ್ಮೂರಿಗೆ ಬಂದರು. ಹಬ್ಬದ ಬೆಳಿಗ್ಗೆ ರೂಪ ಮತ್ತು ಅಳಿಯ ಬೀದಿಯ ಕೊನೆಯ ಗುಡಿಗೆ ಹೊರಟರು. "ಇಪ್ಪತ್ತು ನಿಮಿಷಕ್ಕೆ ಬಂದ್ಬಿಡ್ತೀವಿ ಅಮ್ಮ. ಅವಳು ಮಲಗವ್ಳೆ, ಎದ್ರೆ ಹಾಲು ಕೊಡು" ಎಂದಳು ರೂಪ. ಸ್ಪ್ರೇ ಅವಳ ವ್ಯಾನಿಟಿ ಬ್ಯಾಗಿನಲ್ಲಿ ಅವಳ ಜೊತೆಗೇ ಹೋಯಿತು. ಯಜಮಾನರು ಸೊಪ್ಪು ತರಲು ತೋಟದಲ್ಲಿದ್ದರು. ಹಬ್ಬವೆಂದು ಹುಳುಗಳು ಉಪವಾಸ ಇರುತ್ತವೆಯೇ?

ಮಗು ಎದ್ದಳು. ನೆತ್ತಿ ಮುಟ್ಟಿದರೆ ಕಾದ ಹಾಗಿತ್ತು. ಬೆವರಿ ಕೂದಲು ಅಂಟಂಟಾಗಿತ್ತು.

ಇಲ್ಲಿ ನಾನು ಏನು ಯೋಚಿಸಿದೆ ಎಂಬುದನ್ನು ಸರಿಯಾಗಿ ಬರೆಯಬೇಕು. ನಾನು ಡಾಕ್ಟರ ಮಾತು ಮರೆತಿರಲಿಲ್ಲ. ಈ ಮಗುವಿಗೆ ಶೆಖೆಯೇ ಶತ್ರು ಎಂದು ಚೆನ್ನಾಗಿ ನೆನಪಿತ್ತು. ಆದರೆ ನಮ್ಮಲ್ಲಿ ಮೈಯ ಕಾವು ಇಳಿಸಲು ಏನು ಮಾಡುತ್ತಾರೆ? ನೆತ್ತಿಗೆ ಹರಳೆಣ್ಣೆ ಇಟ್ಟು, ತಿಕ್ಕಿ, ಬಿಸಿನೀರು ಹಾಕುತ್ತಾರೆ. ಒಳಗಿನ ಕಾವನ್ನೆಲ್ಲ ಎಣ್ಣೆ ಎಳೆದು ತೆಗೆಯುತ್ತದೆ, ಕಣ್ಣು ತಂಪಾಗುತ್ತದೆ, ಮೈ ಹಗುರಾಗುತ್ತದೆ. ಇದನ್ನು ನನಗೆ ಯಾರೂ ಪಾಠ ಹೇಳಿಕೊಟ್ಟಿದ್ದಲ್ಲ. ಹಸಿದರೆ ಉಣ್ಣಬೇಕು ಎಂಬುದು ಹೇಗೆ ಗೊತ್ತೋ ಹಾಗೆ ಗೊತ್ತಿದ್ದದ್ದು. ಬೆಂಗಳೂರಿನ ಡಾಕ್ಟರಮ್ಮನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡೆ. ಜೊತೆಗೆ ಯುಗಾದಿ ದಿನ ಮಗುವಿನ ತಲೆಗೆ ಎಣ್ಣೆ ನೀರು ಬೀಳದಿದ್ದರೆ ಹೇಗೆ? ನಾಲ್ಕೇ ಚೊಂಬು, ಅದೂ ಹದ ನೋಡಿ ಹಾಕುತ್ತೇನೆ, ಇದು ನನ್ನ ಕೈ ಎಂದುಕೊಂಡೆ.

ನಾಲ್ಕು ಚೊಂಬು ಎಂಟಾಯಿತು. ಅವಳಿಗೆ ಖುಷಿಯಾಗಿತ್ತು. "ಅಚ್ಚಿ, ಬಾ" ಎಂದು ನೀರು ಚಿಮ್ಮಿಸಿದಳು. ಒಂಬತ್ತನೆಯದನ್ನು ಮೊಗೆಯುವಾಗ ಕತ್ತು ಹಿಂದಕ್ಕೆ ಬಿತ್ತು. ಈ ಸಲ ಒಂದು ಕಡೆಯಲ್ಲ, ಇಡೀ ಮೈ.

ಕೂಗಬೇಕಿತ್ತು. ಗುಡಿ ಕೂಗಳತೆಯಲ್ಲಿತ್ತು, ಬೀದಿ ತುಂಬ ಜನರಿದ್ದರು. ಮೊದಲ ಸಲ ಬಂದಾಗ ಏನೂ ಗೊತ್ತಿಲ್ಲದೆ ಕೂಗಿದವಳು, ಈ ಸಲ ಎಲ್ಲ ಗೊತ್ತಿದ್ದೂ ಕೂಗಲಿಲ್ಲ. ಕುಲುಕುತ್ತಿದ್ದ ಮಗುವನ್ನು ಎತ್ತಿಕೊಂಡು ಒಳಗೆ ಬಂದೆ. ಟವೆಲಿನಿಂದ ಮೈ ಒರೆಸಿದೆ. ತಲೆ ಒರೆಸಿದೆ. ಹಬ್ಬಕ್ಕೆ ತಂದಿದ್ದ ಹೊಸ ಫ್ರಾಕನ್ನು ಆ ಸೆಟೆದ ಕೈಗಳಿಗೆ ತೂರಿಸಿ ತೊಡಿಸಿದೆ. ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಅವಳ ಆಟದ ಸಾಮಾನು ಇಟ್ಟೆ. ಆಮೇಲೆ ಬಾಗಿಲಿಗೆ ಬಂದು ಕೂಗಿದೆ. ಎಷ್ಟು ಹೊತ್ತು ಹಿಡಿಯಿತು? ಎರಡು ನಿಮಿಷ. ಹೆಚ್ಚೂ ಇರಬಹುದು. ಭಾಗ್ಯಮ್ಮ ಹೇಳಿದ್ದಳಲ್ಲ ಗಡಿಯಾರ ನೋಡು ಎಂದು, ಅದನ್ನು ನಾನು ನೋಡಲಿಲ್ಲ.

ರೂಪ ಬರಿಗಾಲಲ್ಲಿ ಓಡಿ ಬಂದಳು. "ಎಷ್ಟೊತ್ತಾಯ್ತು? ಅಮ್ಮ, ಎಷ್ಟೊತ್ತಾಯ್ತು ಹೇಳು!"

"ಈಗ, ಈಗ್ತಾನೆ ಕಣೇ. ಆಟ ಆಡ್ತಾ ಇದ್ಲು" ಎಂದೆ.

ಸ್ಪ್ರೇಗೆ ನಿಲ್ಲಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಸೂಜಿಗೂ ಪೂರ್ತಿ ನಿಲ್ಲಲಿಲ್ಲ. ಅಲ್ಲಿಂದ ಬೆಂಗಳೂರಿಗೆ. ಐಸಿಯುನಲ್ಲಿ ಹನ್ನೊಂದು ದಿನ, ಅದರಲ್ಲಿ ಆರು ದಿನ ಬಾಯಲ್ಲಿ ಕೊಳವೆ. ಆ ಬಾಗಿಲ ಹೊರಗೆ ಸ್ಟೀಲಿನ ಬೆಂಚಿನ ಮೇಲೆ ನಾವು ಮೂವರು ಹಿರಿಯರು ಸಾಲಾಗಿ ಕೂತಿದ್ದೆವು. ನಾರಾಯಣಮ್ಮ ನನ್ನ ಕೈ ಹಿಡಿದುಕೊಂಡು, "ನೀವಿದ್ರಲ್ಲಾ ಅಕ್ಕಾ ಮಗು ಹತ್ರ, ಅದೇ ಪುಣ್ಯ" ಎಂದರು. ನಾನು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಇಡೀ ಬರಹದಲ್ಲಿ ಬರೆಯಲು ಅತಿ ಕಷ್ಟವಾದ ವಾಕ್ಯ ಇದೇ.

ಮಗು ಉಳಿದಳು. ಕಣ್ಣು ಬಿಟ್ಟ ದಿನ ರೂಪ ಸಿಸ್ಟರ್‌ಗೆ ಕೈ ಮುಗಿದಳು, ನಾನು ಮೂಲೆಯಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಒಂದು ವಾರ ಕಳೆದ ಮೇಲೆ ಗೊತ್ತಾಯಿತು. ಕರೆದರೆ ತಿರುಗುತ್ತಿದ್ದಳು, ನಗುತ್ತಿದ್ದಳು, ಆದರೆ ಮಾತಿಲ್ಲ. ಕೋಳಿ ಇಲ್ಲ, ಹಾಲು ಇಲ್ಲ, ಅಮ್ಮ ಕೂಡ ಇಲ್ಲ. ಬರಬಹುದು, ಕಾಯೋಣ ಎಂದರು ಡಾಕ್ಟರಮ್ಮ. ಮೂರು ತಿಂಗಳು ಕಾದ ಮೇಲೆ ರೂಪ ಗೋಡೆಯ ಪಟ್ಟಿಯನ್ನು ಬಿಚ್ಚಿ, ಮಡಿಸಿ, ಬೀರುವಿನಲ್ಲಿ ಇಟ್ಟಳು. ನನ್ನೆದುರಿಗೇ ಇಟ್ಟಳು. ನಾನು ಅನ್ನಕ್ಕೆ ನೀರಿಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಆ ಎರಡು ನಿಮಿಷ ಇಲ್ಲದಿದ್ದರೆ ಮಾತು ಉಳಿಯುತ್ತಿತ್ತೇ? ಯಾರಿಗೂ ಗೊತ್ತಿಲ್ಲ. ಯಾರನ್ನಾದರೂ ಕೇಳಲು ನಾನು ಮೊದಲು ನಿಜ ಹೇಳಬೇಕಿತ್ತು.

ರೂಪ ಕೆಲಸ ಬಿಟ್ಟಳು. ನಾನು ಅಂಗನವಾಡಿಯಿಂದ ನಿವೃತ್ತಳಾದೆ. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸಿಗೆ ಚಿಂತಾಮಣಿಗೆ ಹೋಗುವುದು, ಬಟ್ಟೆ ಒಗೆಯುವುದು, ಅಡುಗೆ ಮಾಡುವುದು, ಮಗುವನ್ನು ಎತ್ತಿಕೊಂಡು ಕೂಲರಿನ ಮುಂದೆ ಕೂರುವುದು. ಸ್ಪ್ರೇ ಹೊಡೆಯುವುದನ್ನು ಕಲಿತೆ. ಇಷ್ಟೆಲ್ಲ ಕಂಡ ಬೀದಿಯವರು "ಅಮ್ಮ ಅಂದ್ರೆ ಹಿಂಗಿರ್ಬೇಕು" ಎಂದು ರೂಪಳಿಗೆ ಹೇಳುತ್ತಿದ್ದರು. ಒಂದೇ ಒಂದು ಕೆಲಸ ಮಾತ್ರ ನಾನು ಮಾಡಲಿಲ್ಲ. ಧನ್ಯಳ ಜೊತೆ ಒಬ್ಬಳೇ ಇರಲಿಲ್ಲ. ರೂಪ ಅಂಗಡಿಗೆ ಹೊರಟರೆ "ನಾನು ಹೋಗ್ತೀನಿ ಕೊಡು" ಎಂದು ಚೀಲ ಕಿತ್ತುಕೊಳ್ಳುತ್ತಿದ್ದೆ. ಸ್ನಾನದ ಹೊತ್ತಿಗೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆ. ಮಧ್ಯಾಹ್ನದ ಹೊತ್ತು ತಣ್ಣೀರಿಗೆ ಒಂದಿಷ್ಟೇ ಬಿಸಿ ಬೆರೆಸಿ ರೂಪಳೇ ಮಾಡಿಸುತ್ತಿದ್ದಳು. ನಮ್ಮೂರಲ್ಲಿ ಕೂಸಿಗೆ ನೀರು ಹಾಕಲು ಕರೆ ಬಂದರೆ ಮಂಡಿ ನೋವು ಎಂದು ಹೇಳತೊಡಗಿದೆ. ಆಮೇಲೆ ಕರೆಯುವುದೇ ನಿಂತಿತು.

ಭಾಗ್ಯಮ್ಮ ಆಗಾಗ ಫೋನು ಮಾಡುತ್ತಿದ್ದಳು. ಕಳೆದ ವರ್ಷ ಒಂದು ಬೆಳಿಗ್ಗೆ ಮಾಡಿದಾಗ ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಎಬ್ಬಿಸೋಕೆ ಹೋದೆ, ಅಕ್ಕ. ಏಳ್ಲಿಲ್ಲ" ಎಂದಳು. ಫಿಟ್ಸು ಬಂದ ಗುರುತೂ ಇರಲಿಲ್ಲವಂತೆ, ಮಗಳು ಮಲಗಿದ ಹಾಗೇ ಇದ್ದಳಂತೆ. ಈ ಕಾಯಿಲೆಯಲ್ಲಿ ಹೀಗೂ ಆಗುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ನಾವೇ ಆ ಮಾತನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ನಾನೂ ರೂಪಳೂ ಮಂಚೇನಹಳ್ಳಿಗೆ ಹೋದೆವು. ಭಾಗ್ಯಮ್ಮ ನಮಗೆ ಕಾಫಿ ಕೊಟ್ಟಳು. ಧನ್ಯ ಹೇಗಿದ್ದಾಳೆ, ಔಷಧಿ ಯಾವುದು ಎಂದು ವಿಚಾರಿಸಿದಳು. ಹೊರಡುವಾಗ ರೂಪಳ ಗಲ್ಲ ಹಿಡಿದು, "ನಾನು ಏನೂ ಬಾಕಿ ಉಳಿಸ್ಕೊಂಡಿಲ್ಲ ಕಣಮ್ಮ. ಬಯ್ದಿದ್ದಕ್ಕೂ ಅವಳ ಹತ್ರ ತಪ್ಪಾಯ್ತು ಅಂದಿದ್ದೆ" ಎಂದಳು. ವಾಪಸ್ಸು ಬರುವಾಗ ಪೆರೇಸಂದ್ರದಲ್ಲಿ ಬಸ್ಸು ನಿಂತಿತ್ತು. ರೂಪ ಎಳನೀರು ಕುಡಿಯುತ್ತಾ ನಿಂತಿದ್ದಳು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬಸ್ಸು ಹಾರ್ನ್ ಹೊಡೆಯಿತು, ಹತ್ತಿ ಕೂತೆವು. ಹಾರ್ನ್ ಹೊಡೆಯದಿದ್ದರೂ ಹೇಳುತ್ತಿರಲಿಲ್ಲ ಬಿಡಿ.

ಈ ವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ರೂಪಳ ಹಳೆಯ ಶಾಲೆಯಿಂದ ಕರೆ ಬಂತು. ಗಣಿತಕ್ಕೆ ಟೀಚರ್ ಇಲ್ಲವಂತೆ. ಅವಳು ಅದನ್ನು ನನಗೆ ಹೇಳುವಾಗ ನಾಲ್ಕು ವರ್ಷದಲ್ಲಿ ಕಾಣದ ಒಂದು ಕಳೆ ಮುಖದಲ್ಲಿತ್ತು. ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಧನ್ಯಳ ಮಧ್ಯಾಹ್ನದ ಔಷಧಿಯನ್ನು ಸಿರಿಂಜಿನಲ್ಲಿ ಅಳೆಯುತ್ತಿದ್ದಳು.

"ನೀನು ಸೋಮವಾರದಿಂದ ಶನಿವಾರದ ತನಕ ಬರಕ್ಕಾಗುತ್ತಾ ಅಮ್ಮ? ನಾಲ್ಕು ಗಂಟೆಗೆ ನಾನು ಬಂದ್ಬಿಡ್ತೀನಿ. ಅತ್ತೆ ಮನೇಲಿರ್ತಾರೆ, ಆದ್ರೆ ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಕೈ ನಡುಗುತ್ತೆ. ನೀನೊಬ್ಬಳೇ ನೋಡ್ಕೋಬೇಕು. ನಿನ್ನ ಹತ್ರ ಬಿಟ್ಟು ಹೋದ್ರೆ ನನಗೆ ಧೈರ್ಯ."

ಸುಮ್ಮನೆ ಹೂಂ ಎಂದರೆ ಮುಗಿಯುತ್ತಿತ್ತು. ಮಗಳಿಗೆ ಕೆಲಸ ಸಿಗುತ್ತಿತ್ತು, ನನಗೆ ಮಗು ಸಿಗುತ್ತಿತ್ತು. ಹೇಳಿದರೆ ಎರಡೂ ಹೋಗಬಹುದು. ಆದರೆ ಯಾರ ಕೈಗೆ ಕೊಡುತ್ತಿದ್ದೇನೆ ಎಂದು ತಿಳಿಯದೆ ಅವಳು ಮಗುವನ್ನು ಕೊಡುವುದು ಸರಿಯಲ್ಲ ಎನ್ನಿಸಿತು.

"ರೂಪಾ, ಆ ಉಗಾದಿ ದಿನ ಪಾಪು ಆಟ ಆಡ್ತಿರ್ಲಿಲ್ಲ. ನಾನು ಎಣ್ಣೆ ಹಚ್ಚಿ ನೀರು ಹಾಕ್ತಿದ್ದೆ ಕಣೇ."

ಅವಳು ತಿರುಗಲಿಲ್ಲ. ಸಿರಿಂಜನ್ನು ಬೆಳಕಿಗೆ ಹಿಡಿದು ಗುಳ್ಳೆ ತೆಗೆಯುತ್ತಿದ್ದಳು. "ಗೊತ್ತು" ಎಂದಳು.

"ಗೊತ್ತಾ?"

"ಆಂಬುಲೆನ್ಸಲ್ಲಿ ಅವಳ ತಲೆ ನನ್ನ ತೊಡೆ ಮೇಲಿತ್ತಲ್ಲ. ಕಿವಿ ಹಿಂದೆ ಸೀಗೆಪುಡಿ ಅಂಟ್ಕೊಂಡಿತ್ತು. ಅವರು ನೋಡ್ತಾರೆ ಅಂತ ಸೆರಗಲ್ಲಿ ಒರೆಸ್ಬಿಟ್ಟೆ."

ಅವರು ಎಂದರೆ ಅವಳ ಗಂಡ. ನಾಲ್ಕು ವರ್ಷ ಅವಳೂ ನನ್ನ ಸುಳ್ಳನ್ನು ಹೊತ್ತುಕೊಂಡಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತೆ. "ಮತ್ಯಾಕೆ ಕೇಳ್ಲಿಲ್ಲ ನನ್ನ? ಒಂದು ದಿನಾನಾದ್ರೂ ಬಯ್ಲಿಲ್ಲ?"

"ಬಯ್ದಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ. ನನಗೆ ಇನ್ಯಾರಿದ್ರಮ್ಮ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳಿಗೆ ಗೊತ್ತಿದ್ದಷ್ಟನ್ನು ನಾನು ಒಪ್ಪಿಕೊಂಡಾಗಿತ್ತು. "ಇನ್ನೂ ಇದೆ" ಎಂದೆ. ಬಚ್ಚಲಲ್ಲೇ ಶುರುವಾಗಿದ್ದು, ಕೂಗದೆ ಒಳಗೆ ತಂದಿದ್ದು, ಒರೆಸಿದ್ದು, ಫ್ರಾಕು ತೊಡಿಸಿದ್ದು, ಆಟದ ಸಾಮಾನು ಜೋಡಿಸಿದ್ದು, ಎಲ್ಲ ಹೇಳಿದೆ.

ಅವಳ ಕೈ ನಿಂತಿತು. ಸಿರಿಂಜನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟಳು.

"ಸ್ನಾನ ಆಗಿ, ಬಟ್ಟೆ ಹಾಕಿದ್ಮೇಲೆ ಬಂತು ಅಂದ್ಕೊಂಡಿದ್ದೆ" ಎಂದಳು. "ಇದು ಗೊತ್ತಿರ್ಲಿಲ್ಲ."

ಮತ್ತೆ ಸಿರಿಂಜು ತೆಗೆದುಕೊಂಡು ಒಳಗೆ ಹೋದಳು. ಔಷಧಿಗೆ ಹೊತ್ತಾಗಿತ್ತು. ಧನ್ಯ ಒಂದೇ ರಾಗದಲ್ಲಿ ಗುನುಗುತ್ತಿದ್ದದ್ದು ನಿಂತಿತು, ಔಷಧಿ ನುಂಗಿದ ಸದ್ದು ಕೇಳಿತು, ಮತ್ತೆ ಗುನುಗು ಶುರುವಾಯಿತು. ರೂಪ ಹೊರಗೆ ಬರಲಿಲ್ಲ. ನಾನು ಎದ್ದು, ಚೀಲ ತೆಗೆದುಕೊಂಡು, ಕೋಣೆಯ ಬಾಗಿಲಲ್ಲಿ ನಿಂತೆ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಕ್ಷಮಿಸು ಅಂತ ನಾನು ಕೇಳಲ್ಲ ಕಣೇ" ಎಂದೆ.

"ಕೇಳ್ಬೇಡ" ಎಂದಳು. ಅವಳ ಬೆನ್ನು ಅಲುಗುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲು ದಾಟಿದ ಮೇಲೆ ಒಳಗಿನಿಂದ ದನಿ ಬಂತು. "ಸೋಮವಾರ ನನಗೆ ಎಂಟಕ್ಕೆ ಪ್ರೇಯರ್ ಇದೆ. ಏಳಕ್ಕೆಲ್ಲ ಬಂದ್ಬಿಡು."

ಸೋಮವಾರ ಮೊದಲ ಬಸ್ಸಿಗೇ ಹೋದೆ. ರೂಪ ಸೀರೆಯುಟ್ಟು, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ಧನ್ಯಳನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿದು ಹೋದಳು.